ಮತಿ

ಉದ್ಯಮಬಾಗದ ಆ ಶೆಡ್ಡಿನಾಗ ಆರು ವಾರ
ಒಂದ ಮಶೀನಿನ ಮುಂದ ನಿಂತಿದ್ವಿ
ನಾನೂ ದುಂಡೇಶನೂ.
ಕೂಲಂಟಿನ ನಾತ ಇಬ್ಬರ ಅಂಗೈಗೂ ಹತ್ತಿತ್ತು,
ಡಬ್ಬಿ ಬಿಚ್ಚಿದ್ರ ರೊಟ್ಟಿಗೂ.
ಪರೀಕ್ಷಾದಾಗ ಅವಗ ಅರವತ್ತೊಂದು
ನನಗ ಎಂಬತ್ತನಾಕು.
ಹಂಗೆಲ್ಲಾ ಹೇಳ್ಕೋಬಾರದಂತಾಳ ಅವ್ವ.
ಹೇಳೇನಿ.

ಸರ್ಟಿಫಿಕೇಟಿನ ಮ್ಯಾಲ "ಶ್ರೀ" ಅಂತ ಮೊದಲ ಅಚ್ಚಾಗಿತ್ತು,
ಮುಂದ ಖಾಲಿ ಗೆರಿ.
ನನ್ನ ಪಾಳಿ ಬಂದಾಗ ಗುಮಾಸ್ತ
ಪೆನ್ನು ಎತ್ತಿ ಹಿಡದು ಒಂದ ಗಳಿಗಿ ಕುಂತ,
ಆಮ್ಯಾಲ ಸಣ್ಣಂಗ "ಮತಿ" ತುರುಕಿದ,
ತುಂಬಿದ ಬಸ್ಸಿನಾಗ ಮೂರನೇದವರಿಗೆ
ತುಸು ಸರದು ಜಾಗಾ ಕೊಟ್ಟಂಗ.
ಶ್ರೀ ಅಚ್ಚಿನದು.
ಮತಿ ಕೈಲೆ ಬರದದ್ದು.

ವರ್ಷ ತುಂಬೂದ್ರಾಗ ಪುಣೆಕ್ಕ ಹೋಗವ್ರ ಪಟ್ಟಿ ಬಂತು.
ಹದಿನೈದು ದಿನ ಪ್ರೋಗ್ರಾಮಿಂಗು, ವಸ್ತಿ ಊಟ ಕಂಪನಿದು.
ನನ್ನ ಹೆಸರ್ಯಾಕಿಲ್ಲಂತ ಕೇಳಿದ್ನಿ.
ಮುರಗೋಡ ಸಾಹೇಬ್ರು ಕೆಟ್ಟವ್ರಲ್ಲ;
"ಮನ್ಯಾಗ ಸಣ್ಣ ಕೂಸೈತಲ್ಲವಾ, ನಿನಗ್ಯಾಕ ತ್ರಾಸು" ಅಂದ್ರು.
ದುಂಡೇಶಗ ಎರಡು ಕೂಸು.

ಅವ ತಿರುಗಿ ಬಂದ, ಶಿಫ್ಟ್ ಇನ್‌ಚಾರ್ಜ್ ಆದ.
ನನ್ನ ಕಡೆ ಹೊಸ ಹುಡುಗರ್ನ ಕಳಿಸಿದ್ರು:
"ಅಕ್ಕಗ ತಾಳ್ಮಿ ಭಾಳ, ಅಕಿ ಕಡೆ ಕಲೀರಿ."
ಹನ್ನೊಂದು ಮಂದಿಗೆ ಕಲಿಸಿದ್ನಿ.
ಅದರಾಗ ನಾಕು ಮಂದಿ
ಈಗ ನನ್ನ ಹಾಜರಿ ತಗೋತಾರ.

ವಾಲ್ವಿನ ಸ್ಪೂಲು ಹತ್ತು ಮೈಕ್ರಾನ್ ದಪ್ಪಾದ್ರ
ಕೆಂಪು ಡಬ್ಬಿಗೆ ಒಗೀತೇವಿ.
ಪಗಾರದಾಗ ಆರು ಸಾವಿರದ ಫರಕು.
ಅದನ್ನ ಅಳಿಯೂ ಗೇಜು
ಸ್ಟೋರಿನಾಗ ಇಟ್ಟಿಲ್ಲ.

ಮೊನ್ನೆ ರಾತ್ರಿ ಹನ್ನೊಂದಕ್ಕ ಅವನ ಫೋನು.
"ಅಕ್ಕಾ, ಮಾಲು ಟೇಪರ್ ಬರಾಕತ್ತೈತಿ, ಆಫ್‌ಸೆಟ್ ಎಷ್ಟ ಕೊಡ್ಲಿ?"
ಕೂಸಿನ ಬೆನ್ನು ತಟಗೋತ ಹೇಳಿದ್ನಿ,
ಅದು ನಿದ್ದಿಗಣ್ಣಾಗ ಅಂಕಿ ಕೇಳ್ಕೋತ ಮಲಗ್ತು.
ಅವನ ಮ್ಯಾಲ ಸಿಟ್ಟಿಲ್ಲ.
ಇದ್ದಿದ್ರ ಹಗುರ ಆಕ್ಕಿತ್ತು.

ಇವತ್ತ ಬೋರ್ಡಿಗೆ ಮತ್ತ ಪಟ್ಟಿ ಹಚ್ಚ್ಯಾರ. ಐದು ಹೆಸರು.
ಕಾಸ್ಟಿಂಗಿಗೆ ನಂಬರ ಹಾಕೂ ಪೇಂಟಿನ ಮಾರ್ಕರ್ ತಂದು
ಆರನೇದು ನಾನ ಬರದ್ನಿ:
ಶೈಲಾ ಹುದಲಿ.
ಮುಂದೇನೂ ಹಚ್ಚಲಿಲ್ಲ, ಬರೇ ಹೆಸರು.

ಥಿನ್ನರ್ ಇಲ್ಲದ ಹೋಗೂದಿಲ್ಲ ಆ ಬಣ್ಣ.
ಥಿನ್ನರ್ ಡಬ್ಬಿ ಎಲ್ಲೈತಂತ
ನಮ್ಮ ಶಿಫ್ಟಿನಾಗ
ನನ್ನ ಕೇಳಬೇಕು.