ಸಿಹಿ ಮಣ್ಣು

ಇಲ್ಲಿ ಮಣ್ಣನ್ನೂ ಚೀಲದಲ್ಲಿ ಮಾರುತ್ತಾರೆ.
"ಸಿಹಿ ಮಣ್ಣು ಎಷ್ಟು ಚೀಲ?" ಎಂದ ನರ್ಸರಿಯವನು.
ಸಕ್ಕರೆ ಬೆರೆಸಿದ್ದೀರಾ ಎಂದು ನಕ್ಕೆ.
ಅವನು ನಗಲಿಲ್ಲ. ಮನೆಗೆ ಹೋಗಿ
ಅಂಗಳದ್ದೊಂದು ಚಿಟಿಕೆ ನಾಲಿಗೆಗಿಟ್ಟು ನೋಡಿ, ಎಂದ.
ಇಟ್ಟು ನೋಡಿದೆ.
ಉಪ್ಪಿನಕಾಯಿ ಭರಣಿಯ ತಳ.

ಹತ್ತೊಂಬತ್ತು ವರ್ಷದ ಬಾಡಿಗೆ ಮುಗಿಸಿ
ಅಜ್ಮಾನಿನ ಈ ಹಳೇ ವಿಲ್ಲಾಕ್ಕೆ ಸಹಿ ಹಾಕಿದ ದಿನ
ಸಿದ್ರಾಮ ಗೋಡೆಗೊಂದು ಮೊಳೆ ಹೊಡೆದ.
ಏನನ್ನೂ ನೇತುಹಾಕಲಿಕ್ಕಲ್ಲ,
ಯಾರನ್ನೂ ಕೇಳದೆ ಹೊಡೆಯಬಹುದಲ್ಲ, ಅದಕ್ಕೆ.
ಗೋಡೆ ಅಂಗೈಯಗಲ ಉದುರಿತು.

ಅಲ್ಲಿಂದ ಶುರು.
ಪ್ಲಾಸ್ಟರ್ ಕೆರೆದರೆ ಉಪ್ಪಿನ ಬಿಳಿ ಬೂಸು,
ಟೈಲ್ಸ್ ಕಿತ್ತರೆ ಕೆಳಗೆ ಇನ್ನೊಂದು ಟೈಲ್ಸ್,
ಅದರಡಿ ಹಸಿರು ಹೂವಿನದು ಮತ್ತೊಂದು.
ಉಳ್ಳಾಗಡ್ಡಿ ಸುಲಿದ ಹಾಗೆ ಅಡುಗೆಮನೆ;
ಕಣ್ಣೀರು ಮಾತ್ರ ಬಿಲ್ಲು ಬಂದ ಮೇಲೆ.
ಒಂದು ಗೋಡೆ ಒಡೆಯಲಿಕ್ಕೆ ಬಲದಿಯಾದ ಪರವಾನಗಿ,
ಪರವಾನಗಿಗೆ ಹಳೇ ನಕಾಶೆ,
ನಕಾಶೆಯಲ್ಲಿ ಆ ಗೋಡೆಯೇ ಇಲ್ಲ.
ಮೇಸ್ತ್ರಿ ಗುಲ್‌ಜರೀನ್ ದಿನಾ ಸಂಜೆ ಕೈ ಒರೆಸಿಕೊಂಡು
"ಬಸ್ ಬಾಜೀ, ಕಲ್ ಖಲಾಸ್" ಎನ್ನುತ್ತಾನೆ.
ಆ ನಾಳೆಗೀಗ ನಾಲ್ಕು ತಿಂಗಳು.

ಆಗಸ್ಟಿನಲ್ಲಿ ತಣ್ಣೀರಿನ ನಲ್ಲಿಗೆ ಚಹಾಪುಡಿ ಹಾಕಿದರೆ ಸಾಕು.
ಆರಿಸಿಟ್ಟ ಗೀಸರಿನಿಂದ ತಂಪು ನೀರು ಹಿಡಿಯುತ್ತೇವೆ,
ಫೋನಿನಲ್ಲಿ ಹೇಳಿದರೆ ತಂಗಿ ನಂಬುವುದಿಲ್ಲ.
ಏಸಿ ತೊಟ್ಟಿಕ್ಕುವ ಕಡೆ ಬಕೀಟು,
ದಿನಕ್ಕೆರಡು. ಅದರಲ್ಲಿ ಬೆಳೆದದ್ದು
ಮೂರು ಬದನೆ, ಒಂದು ಸಾರಿಗಾಗುವಷ್ಟು ಪುಂಡಿಪಲ್ಲೆ.
ಸೌತೆಬಳ್ಳಿ ಜೂನಿನಲ್ಲೇ ಹಪ್ಪಳ.

ಹಿತ್ತಲಲ್ಲಿ ಒಂದು ಮರ, ನಾವು ನೆಟ್ಟದ್ದಲ್ಲ,
ಕ್ರಯಪತ್ರದಲ್ಲೂ ಅದರ ಸುದ್ದಿಯಿಲ್ಲ.
ಮುಳ್ಳು ಚುಚ್ಚಿದಾಗ ಗುರುತು ಸಿಕ್ಕಿತು: ಬಾರಿಗಿಡ!
ಇಂಡಿಯ ಶಾಲೆ ಹಿಂದೆ ಲಂಗದ ತುಂಬ ಆರಿಸಿದ್ದು.
"ಸಿದ್ರ್" ಎಂದು ತಿದ್ದಿದಳು
ಕಾಂಪೌಂಡಿನಾಚೆಯಿಂದ ಉಮ್ಮ್ ಸುಹೈಲ್.
ನಾನು ಗಂಡನತ್ತ ಬೆರಳು ಮಾಡಿ "ಸಿದ್ರಾಮ" ಎಂದೆ.
ಅವಳು ಮರ ನೋಡಿದಳು, ಅವನನ್ನು ನೋಡಿದಳು,
ಶೇಲಾದ ಅಂಚು ಬಾಯಿಗೊತ್ತಿ ನಕ್ಕಳು
ಅವನ ಗಡ್ಡ ಅವತ್ತು ಮೂರು ದಿನದ್ದು.

ನವೆಂಬರಿನಲ್ಲಿ ಬಚ್ಚಲು ಕಟ್ಟಿತು.
ಪ್ಲಂಬರ್ ಮತಿಉರ್ ಅರ್ಧ ಅಂಗಳ ಅಗೆದು
ಪೈಪಿನೊಳಗಿಂದ ಎಳೆದ, ಎಳೆದ, ಎಳೆದ:
ಜಡೆಯುದ್ದದ ಬೇರು, ಹಸಿ ಹಸಿ,
ನಮ್ಮದೇ ಸೋಪಿನ ವಾಸನೆ.
ಮರ ಕಡಿಸಿ, ಇಲ್ಲದಿದ್ದರೆ ವರ್ಷಾ ವರ್ಷಾ ನನ್ನನ್ನೇ ಕರೀತೀರಿ, ಎಂದ.
ಸಿದ್ರಾಮ ಗರಗಸ ಕೊಂಡು ತಂದ,
ವಾಪಸು ಕೊಡಲು ಬಾರದಂತೆ ರಸೀದಿ ಹರಿದು ಹಾಕಿದ.

ಉಮ್ಮ್ ಸುಹೈಲ್ ಏನೂ ಅನ್ನಲಿಲ್ಲ.
ಸಂಜೆ ಒಂದು ಹಿಡಿ ಎಲೆ ಕೇಳಿಕೊಂಡು ಬಂದಳು
ತಲೆ ತೊಳೆಯಲಿಕ್ಕೆ.
ಇದರ ಪುಡಿಯಲ್ಲೇ ಅವಳ ತಾಯಿ
ಕಡೆಯ ಸ್ನಾನ ಮಾಡಿದ್ದಂತೆ,
ಅಥವಾ ಮಾಡಿಸಿದ್ದಂತೆ;
ನನ್ನ ಅರಬಿ ಅಲ್ಲಿಗೆ ನಿಲ್ಲುತ್ತದೆ.

ಗರಗಸ ಎರಡು ವಾರ ಫ್ರಿಜ್ಜಿನ ಮೇಲೆ ಮಲಗಿತ್ತು.
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಒಂದು ದಿನ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದರೆ
ಪೈಪು ಮರವನ್ನು ಬಳಸಿಕೊಂಡು ಹೋಗಿದೆ,
ನಾಲ್ಕು ಎಲ್ಬೋ, ಆರುನೂರು ದಿರ್ಹಮ್ ಹೆಚ್ಚಿಗೆ,
ಅಡುಗೆಮನೆ ನೆಲ ಒಂದು ಬೆರಳು ಮೇಲೆದ್ದು
ಹಿತ್ತಲ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ಆ ಸಂದಿನಲ್ಲಿ ಮರಳು ಬರುತ್ತದೆ.
ದಿನಾ ಗುಡಿಸುತ್ತೇನೆ, ಬೈಯುತ್ತ.
ಇವತ್ತು ನಸುಕಿನಲ್ಲಿ ಅದೇ ಸಂದಿನಿಂದ ಕಂಡೆ:
ಲುಂಗಿ ಎತ್ತಿ ಕಟ್ಟಿ, ಏಸಿ ಬಕೀಟು ಹಿಡಿದು,
ನನ್ನ ಬದನೆಗಿಡಗಳನ್ನು ದಾಟಿ ಹೋಗಿ
ಮರದ ಬುಡಕ್ಕೆ ಸುರಿಯುತ್ತಿದ್ದಾನೆ.
"ಅದಕ್ಯಾಕ್ರೀ ನೀರು,
ನಮ್ಮ ಬಚ್ಚಲಾನೇ ಕುಡದು ಬೆಳದೈತದು!"

ಬಾಯಿ ತುಂಬ ಬಾರಿಹಣ್ಣಿತ್ತು.
ಬೀಜ ಉಗುಳಿದ ಮೇಲೂ ಉತ್ತರ ಬರಲಿಲ್ಲ.