ಇನ್ನೂರ ಹನ್ನೆರಡನೆಯ ಕಂತು

ಕುತಾಯಿಸಿಯ ನಮ್ಮ ಕಟ್ಟಡಕ್ಕೆ ಆ ಚಳಿಗಾಲ
ಕರೆಂಟು ಬಂದರೆ ದೊಡ್ಡಮನೆಯ ನೆಂಟರು ಬಂದ ಹಾಗೆ:
ಎಷ್ಟು ಹೊತ್ತು ಇರುತ್ತೀರಿ ಎಂದು ಕೇಳುವಂತಿಲ್ಲ.
ಅದಕ್ಕೇ ನುಗ್ಜಾರ್ ಮಾಮ, ಮುಚ್ಚಿಹೋದ ಲಾರಿ ಕಾರ್ಖಾನೆಯಿಂದ
ಸಂಬಳದ ಬದಲು ಹೊತ್ತು ತಂದಿದ್ದ ಬ್ಯಾಟರಿಯನ್ನು
ಹಗ್ಗ ಕಟ್ಟಿ ನಾಲ್ಕನೆಯ ಮಹಡಿಯ ಬಾಲ್ಕನಿಗೆ ಎಳೆಯುತ್ತಿದ್ದ,
ದಿನಾ ಸಂಜೆ ಏಳಕ್ಕೆ ಹತ್ತು ನಿಮಿಷ ಇರುವಾಗ.
ಕೆಳಗೆ ನಿಂತು ಕೂಗುವುದು ನನ್ನ ಪಾಳಿ:
ದೂರ ಸರಿಯಿರಿ, ಆಸಿಡ್ಡು!

ಲಾಮಾರಾ ಅತ್ತೆಯ ಮನೆ. ಹದಿನೇಳು ಜನ, ಆರು ಕುರ್ಚಿ.
ಕೋಟು ಬಿಚ್ಚುವವರಿಲ್ಲ.
ಸೀಮೆಎಣ್ಣೆ ಒಲೆಯ ಮೇಲೆ ಒಂದೇ ಕೆಟಲು,
ಜೇಬುಗಳಲ್ಲಿ ಹುರಿದ ಸೂರ್ಯಕಾಂತಿ ಬೀಜ.
ಎರಡು ಅಂಗೈ ಅಗಲದ ಪರದೆ;
ಅದರೊಳಗೆ ಕಡಲು, ತಾಳೆಮರ, ಬರಿತೋಳಿನ ಕಾಸಿಲ್ದಾ.

ಅವಳು ಆಡುವುದು ಸ್ಪ್ಯಾನಿಷ್.
ಅದರ ಮೇಲೆ ರಷ್ಯನ್: ಗಂಡಿಗೂ ಹೆಣ್ಣಿಗೂ ಹಸುಗೂಸಿಗೂ
ಒಬ್ಬನೇ ಗಂಡಸಿನ ನೆಗಡಿ ಹಿಡಿದ ದನಿ.
ಅದರ ಮೇಲೆ ತ್ಸಿಯಾಲಾ ಟೀಚರ್,
ಅಜ್ಜಿಯರಿಗೂ ನಮ್ಮಂಥ ಚಿಳ್ಳೆಪಿಳ್ಳೆಗಳಿಗೂ
ನಮ್ಮ ಜಾರ್ಜಿಯನ್‌ನಲ್ಲಿ ಬಿಡಿಸಿ ಹೇಳುವಳು.
ಇಷ್ಟೆಲ್ಲ ದಾಟಿ ಬರುವಷ್ಟರಲ್ಲಿ ಕಾಸಿಲ್ದಾ
ಮೂರನೆಯ ಮಹಡಿಯ ಸೊಸೆಯಾಗಿರುತ್ತಿದ್ದಳು.

ಓಡಿಹೋದ ಗಂಡನನ್ನು ಅವಳು ಒಳಗೆ ಸೇರಿಸಬಹುದೇ?
ಇದರ ಮೇಲೆ ವಾಝಾ, ಈತೆರಿ, ಸ್ವಂತ ಗಂಡ ಹೆಂಡತಿ,
ಎರಡು ವಾರ ಮಾತು ಬಿಟ್ಟಿದ್ದರು.
ನಸುಕಿನ ನಾಲ್ಕಕ್ಕೆ ರೊಟ್ಟಿಯ ಸಾಲಿನಲ್ಲಿ
ಪಕ್ಕದ ಕಟ್ಟಡದವರಿಗೆ ನಿನ್ನೆಯ ಕತೆ ಹೇಳಿದರೆ
ಒಂದು ಜಾಗ ಮುಂದೆ ಬಿಡುತ್ತಿದ್ದರು.

ಆಮೇಲೆ ಕರೆಂಟು ಬಂತು. ಬಂದದ್ದು ಹೋಗಲಿಲ್ಲ.
ಮನೆಮನೆಗೂ ಬಣ್ಣದ ಟಿ.ವಿ., ಒಳಗಿನಿಂದ ಚಿಲಕ.
ಬೆಳಕೇ ನಮ್ಮನ್ನು ಚದುರಿಸಿತು ಎಂದರೆ
ಈತೆರಿ ಈಗಲೂ ಬೈಯುತ್ತಾಳೆ:
ಅಷ್ಟು ಚೆಂದವಿದ್ದರೆ ಹೋಗು,
ಆ ಚಳಿಯಲ್ಲಿ ನೀನೊಬ್ಬಳೇ ಇರು.

ಕಳೆದ ತಿಂಗಳು ಜ್ವರ ಬಂದು ಮಲಗಿದವಳು
ಇಡೀ ಧಾರಾವಾಹಿಯನ್ನು ಮತ್ತೆ ಹಾಕಿಕೊಂಡೆ.
ಈಗ ನನಗೆ ರಷ್ಯನ್ ಬರುತ್ತದೆ.
ಇನ್ನೂರ ಹನ್ನೆರಡನೆಯ ಕಂತು.
ದೋಣಿ ಮಗುಚಿ, ಕಾಸಿಲ್ದಾಳ ಮಗ ಎಲಾದಿಯೋ
ದಡಕ್ಕೆ ಬಂದು ಬಿದ್ದಿದ್ದಾನೆ. ಸತ್ತಿದ್ದಾನೆ.
ನೆಗಡಿಯ ದನಿಯವನು ಎರಡೆರಡು ಸಲ ಹೇಳಿದ.

ನಮ್ಮ ಕೋಣೆಯಲ್ಲಿ ಎಲಾದಿಯೋ ಸತ್ತಿರಲಿಲ್ಲ.
"ಬೇರೆ ಊರಲ್ಲಿ ಕೆಲಸ ಸಿಕ್ಕಿದೆಯಂತೆ," ಅಂದಿದ್ದಳು ಟೀಚರ್,
"ಕಾಗದ ಬರೆಯುತ್ತಾನಂತೆ."
ಮತ್ತೆ ಅವರಮ್ಮ ಯಾಕೆ ಅಳುತ್ತಾಳೆ ಎಂದು ಕೇಳಿದವಳು ನಾನೇ.
"ಸಂತೋಷಕ್ಕೆ."

ಸುಖುಮಿಯ ಕಡೆ ಹೋದ ಬೆಸಿಕ್, ಲಾಮಾರಾ ಅತ್ತೆಯ ಮಗ,
ಇನ್ನೂ ತಿರುಗಿ ಬಂದಿರಲಿಲ್ಲ.
ಬಾಗಿಲ ಹಿಂದಿನ ಮೊಳೆಯಲ್ಲಿ ಅವನ ಕೋಟು.

ಅಲ್ಲಿಂದ ಮುಂದೆ ಅರವತ್ತು ಕಂತು,
ಪರದೆಯ ಮೇಲೆ ಆಸ್ತಿ, ವಕೀಲರು, ವಿಷದ ಲೋಟ;
ನಡುನಡುವೆ ಟೀಚರ್ ಹೆಣೆದ ಎಲಾದಿಯೋನ ಕಾಗದ:
ಇಲ್ಲಿ ಹಿಮ ಕಡಿಮೆ, ಊಟ ಪರವಾಗಿಲ್ಲ, ಕಾಲುಚೀಲ ಕಳಿಸು.
ನುಗ್ಜಾರ್ ಸೈನ್ಯದಲ್ಲಿದ್ದವನು, ರಷ್ಯನ್ ನೀರು ಕುಡಿದ ಹಾಗೆ.
ವಾಝಾ ರೊಸ್ತೋವ್‌ವರೆಗೆ ಲಾರಿ ಹೊಡೆದವನು.
ಒಬ್ಬರೂ ಕೆಮ್ಮಲಿಲ್ಲ.
ಇಡೀ ಕೋಣೆ ಅದನ್ನು ಹೊಟ್ಟೆಗೆ ಹಾಕಿಕೊಂಡಿತು,
ಬೀಜದ ಸಿಪ್ಪೆ ಉಗಿಯುವುದನ್ನೂ ನಿಲ್ಲಿಸಿ.

ನಿನ್ನೆ ಪಾತ್ರೆ ತೊಳೆಯುತ್ತ ನೆನಪಾಯಿತು:
ಲಾಮಾರಾ ಅತ್ತೆ ತಂತಿ ಕಚೇರಿಯಲ್ಲಿ ಮೂವತ್ತು ವರ್ಷ ಇದ್ದವಳು.
ಊರಿಗೆ ಬಂದ ಸಾವಿನ ಸುದ್ದಿಗಳನ್ನೆಲ್ಲ
ರಷ್ಯನ್‌ನಲ್ಲೇ ಓದಿ ದಾಟಿಸಿದವಳು.

ಆದರೂ ದಿನವೂ, ಬ್ಯಾಟರಿಯ ತಂತಿ ಸಿಕ್ಕಿಸುವ ಮೊದಲು
ಒಲೆ ಸಣ್ಣ ಮಾಡಿ, ಟೀಚರ್ ಕಡೆ ತಿರುಗಿ ಕೇಳುತ್ತಿದ್ದಳು:
ಇವತ್ತು ಕಾಗದ ಬರುತ್ತದೆಯೇ?