ಎರವಲು ಚೀಟಿ

ವಿಲ್ಯಾಂಡಿಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ
ಬೆನ್ನು ಮುರಿದ ಪುಸ್ತಕಗಳಿಗೆ ಅಂಟು ಹಚ್ಚುವವಳು ನಾನು.
ಓದುವುದು ನನ್ನ ಕೆಲಸವಲ್ಲ.
ಆದರೆ ಅಂಟು ಒಣಗುವ ತನಕ
ಎಸ್ಟೋನಿಯಾದ ಚಳಿಗಾಲದಲ್ಲಿ ಬೇರೇನು ಮಾಡಲಿ?

ಹಾಗೆ ಓದಿದ್ದು ಆ ದಪ್ಪ ಕಾದಂಬರಿ.
ಆರುನೂರ ಹದಿನೆಂಟು ಪುಟ,
ಕೊನೆಯ ಹಾಳೆ ಯಾರು ಹರಿದುಕೊಂಡು ಹೋದರೋ.
ಅದರಲ್ಲಿ ನಲವತ್ತೊಂಬತ್ತರ ಮಾರ್ಚಿನ ಆ ರಾತ್ರಿ
ಮೊಣಕಾಲುದ್ದ ಹಿಮ.
ಸೈನಿಕರು ಬಾಗಿಲು ಬಡಿಯುತ್ತಾರೆ.
ಗಂಟು ಕಟ್ಟಲು ಒಂದು ಗಂಟೆ, ಆಮೇಲೆ ಸೈಬೀರಿಯಾ.
ಅಷ್ಟರಲ್ಲಿ ಒಬ್ಬ ತಾಯಿ ಪಿಯಾನೋ ಮುಚ್ಚಿ
ಬೀಗದ ಕೈಯನ್ನು ಬಾವಿಗೆ ಎಸೆಯುತ್ತಾಳೆ.
ಲಾರಿಯ ಹಿಂದೆ ಬಿಳಿಯ ಕುದುರೆಯೊಂದು
ಸ್ಟೇಷನ್ನಿನ ತನಕ ಓಡೋಡಿ ಬರುತ್ತದೆ.
ಅತ್ತುಬಿಟ್ಟೆ.
ಕಣ್ಣೊರೆಸಿಕೊಳ್ಳಲು ಹೋಗಿ ರೆಪ್ಪೆಗೆಲ್ಲ ಅಂಟು.

ಸೋದರತ್ತೆ ಎಲ್ಫ್ರೀಡೆ ತೀರಿಕೊಂಡ ಮೇಲೆ
ಬಿಸ್ಕತ್ತಿನ ಡಬ್ಬಿಯಲ್ಲಿ, ಗುಂಡಿಗಳ ಅಡಿಯಲ್ಲಿ
ಒಂದು ನೋಟ್‌ಬುಕ್ಕು ಸಿಕ್ಕಿತು.
ಚೌಕುಳಿ ಹಾಳೆ, ಪೆನ್ಸಿಲ್ಲು,
ಹಾಲಿನ ಲೆಕ್ಕ ಬರೆದ ಹಾಗೆ ಬರವಣಿಗೆ:

“ಹಿಮ ಕರಗುತ್ತಿತ್ತು. ಎಲ್ಲೆಲ್ಲೂ ಕೆಸರು.
ಅರ್ಧ ಹಂದಿ. ರೈ ಹಿಟ್ಟು ಎರಡು ಚೀಲ.
ಹೊಲಿಗೆ ಯಂತ್ರದ ತಲೆ ಮಾತ್ರ, ಕಾಲು ಬಿಟ್ಟೆವು.
ಅಮ್ಮನ ಎಡಗಾಲಿನ ಬೂಟು. ಬಲಗಾಲಿನದು ಸಿಗಲಿಲ್ಲ.
ಸೈನಿಕ ಎಳೆ ಹುಡುಗ. ಅವನಿಗೆ ನೆಗಡಿ.”

ಅಷ್ಟೇ. ಯಾರೂ ಅಳುವುದಿಲ್ಲ.
ಎಂಟು ವರ್ಷದ ಓಮ್ಸ್ಕ್ ನಾಲ್ಕೂವರೆ ಪುಟ,
ಅದರಲ್ಲಿ ಒಂದೂವರೆ ಬರೀ ಆಲೂಗಡ್ಡೆ.

ಕಾದಂಬರಿಯ ಮೇಲೆ ಸಿಟ್ಟು ಬಂತು.
ಪಿಯಾನೋ ಅಂತೆ, ಬಾವಿಯಂತೆ!
ನಮ್ಮ ಹಳ್ಳಿಯಲ್ಲಿ ಕೀಲಿಯಿದ್ದ ವಸ್ತುವೆಂದರೆ
ಸಾರಾಯಿಯ ಕಪಾಟೊಂದೇ.
ಅಂತೆಕಂತೆಗೆ ಅಳುವಷ್ಟು ಅತ್ತು ಮುಗಿಸಿ
ಒಂದು ಕಾಲಿನ ಬೂಟಿಗೆ ಹನಿ ಕಣ್ಣೀರೂ ಉಳಿಸಲಿಲ್ಲವಲ್ಲ ನಾನು.

ಆದರೆ ನೋಟ್‌ಬುಕ್ಕಿನ ಕೊನೆಗೆ,
ನಾಲ್ಕು ಖಾಲಿ ಹಾಳೆ ದಾಟಿ, ನೀಲಿ ಪೆನ್ನಿನಲ್ಲಿ,
ಮುದಿ ಕೈಯ ನಡುಕದಲ್ಲಿ ಒಂದು ಸಾಲು:
“ನಮ್ಮ ಬಿಳಿಯ ಕುದುರೆ ಸ್ಟೇಷನ್ನಿನ ತನಕ ಓಡಿ ಬಂತು.”

ಅಪ್ಪನನ್ನು ಕೇಳಿದೆ. ಆಗ ಐದು ವರ್ಷದವನು,
ಅದೇ ಲಾರಿಯಲ್ಲಿ ಅದೇ ಹಿಟ್ಟಿನ ಚೀಲದ ಮೇಲೆ ಕೂತಿದ್ದವನು.
“ಕುದುರೆಯಾ? ಅದು ಯುದ್ಧದಲ್ಲೇ ಹೋಯಿತು.
ಅದೂ ಕಂದು ಬಣ್ಣದ್ದು.”
ಚಹಾದ ಲೋಟವನ್ನು ಸುಮ್ಮನೆ ತಿರುಗಿಸಿದ.
“ಆದರೆ ಹಿಂದೆ ಏನೋ ಓಡಿ ಬರುತ್ತಿತ್ತು.”

ಮತ್ತೆ ನೆಲಮಾಳಿಗೆಗೆ ಇಳಿದು
ಕಾದಂಬರಿಯ ಹಿಂಬದಿಯ ಜೇಬಿನಿಂದ
ಹಳದಿಗಟ್ಟಿದ ಎರವಲು ಚೀಟಿ ಎಳೆದೆ.
ಎಲ್ಫ್ರೀಡೆ, ತೊಂಬತ್ತರ ನವೆಂಬರ್.
ಎಲ್ಫ್ರೀಡೆ, ತೊಂಬತ್ತೊಂದರ ಮಾರ್ಚ್.
ಕೆಳಗೆ ಮತ್ತೆರಡು ಸಲ ಅವಳದೇ ಸಹಿ.
ಪುಸ್ತಕವನ್ನು ನಾಲ್ಕು ಸಲವೂ ಗಡುವಿಗೆ ಮುಂಚೆಯೇ
ವಾಪಸು ತಂದಿದ್ದಾಳೆ.
ಕುದುರೆಯನ್ನು ತಂದಿಲ್ಲ.

ಸುಳ್ಳು ಬರೆದಳೇ ಅತ್ತೆ?
ಹಿಟ್ಟನ್ನು ಅಳೆದು ಬರೆದವಳು, ಹಂದಿಯನ್ನು ಅರ್ಧವೆಂದೇ ಬರೆದವಳು,
ನೆಗಡಿಯನ್ನೂ ಬಿಡದವಳು.
ಅಷ್ಟೆಲ್ಲ ಲೆಕ್ಕದಲ್ಲಿ
ಬಿಟ್ಟುಬಂದದ್ದು ಬಹಳವಿತ್ತು,
ಬೆನ್ನಟ್ಟಿ ಬಂದದ್ದು ಒಂದೂ ಇರಲಿಲ್ಲ.

ನನ್ನನ್ನು ಕೇಳಿದರೆ ಇನ್ನು ಹೀಗೆ ಹೇಳುತ್ತೇನೆ:
ಹಿಮ ಇರಲಿಲ್ಲ, ಪಿಯಾನೋ ಇರಲಿಲ್ಲ.
ಬೂಟು ಒಂದೇ.
ಹುಡುಗ ಕೋವಿ ಹಿಡಿದು ಮೂಗು ಸೀಟುತ್ತಿದ್ದ.
ಬಿಳಿಯ ಕುದುರೆ ಬರಲೇಬೇಕೆಂದಿದ್ದರೆ
ಅತ್ತೆಯ ಕೆಸರಿನಲ್ಲೇ ಓಡಿ ಬರಲಿ,
ಸ್ಟೇಷನ್ನು ಮುಟ್ಟುವ ಹೊತ್ತಿಗೆ
ಹೊಟ್ಟೆಯ ತನಕ
ಕಂದಾಗಿ.